ಅಕ್ಕನ ನೈಟಿಯ ವಿಚಾರವಾಗಿ ಹೊಲಿಗೆ ಮೆಷಿನ್ನಿನವರಿಗೆ

ನಮ್ಮ ಊಟದ ಮೇಜಿನ ಎಡತುದಿಯನ್ನು ಅಲಂಕರಿಸಿ ಕೂತಿರುವ ಹೊಲಿಗೆ ಮೆಷಿನ್ನಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮೋಟಾರು, ಸೂಜಿ, ಬಾಬಿನ್ ಮುಂತಾದ ಸಕಲ ಪರಿವಾರವೂ ಕ್ಷೇಮದಿಂದಿದೆಯೆಂದು ನಂಬಿದ್ದೇನೆ. ಇತ್ತ ನಾನು, ಎಡಗೈಯ ತೋರುಬೆರಳೊಂದನ್ನು ಬಿಟ್ಟರೆ, ಕ್ಷೇಮ. ತಾವು ಈ ಮನೆಗೆ ದಯಮಾಡಿಸಿ ಇಂದಿಗೆ ಹನ್ನೆರಡು ದಿನವಾಯಿತು. ಈ ಅವಧಿಯಲ್ಲಿ ತಮ್ಮಿಂದ ನನಗಾದ ಉಪಕಾರಗಳನ್ನು ಬಾಯಿಮಾತಿನಲ್ಲಿ ಹೇಳಿದರೆ ತಾವು ಕಿವಿಗೆ ಹಾಕಿಕೊಳ್ಳುವುದಿಲ್ಲವೆಂಬುದು ಅನುಭವದಿಂದ ಗೊತ್ತಾಗಿರುವುದರಿಂದ (ಮೆಲ್ಲಗೆ ಹೇಳಿ ನೋಡಿದ್ದೇನೆ, ಅರಚಿಯೂ ನೋಡಿದ್ದೇನೆ), ನಾಲ್ಕು ಜನ ಓದುವ ಹಾಗೆ ಕಾಗದದ ಮೇಲೆಯೇ ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲು ನನ್ನ ಪರಿಚಯ. ತಮ್ಮನ್ನು ಪೆಟ್ಟಿಗೆಯಿಂದ ಎತ್ತಿಕೊಂಡ ಈ ಕೈಗಳು ಸಾಮಾನ್ಯ ಕೈಗಳಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಇಪ್ಪತ್ತಾರು ವರ್ಷ ಚೆಕ್ಕರ್ ಆಗಿ ದುಡಿದ ಕೈಗಳು. ಹೊಲಿದು ಬಂದ ಅಂಗಿಯ ಒಳಮೈಯನ್ನು ಹೊರಗೆ ಮಾಡಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಹೊಲಿಗೆ ಎಲ್ಲಿ ದಾರಿ ತಪ್ಪಿದೆಯೋ ಅಲ್ಲಿಗೆ ಬಾಣದ ಆಕಾರದ ಪುಟ್ಟ ಕೆಂಪು ಚೀಟಿಯೊಂದನ್ನು ಅಂಟಿಸಿ, ಹೊಲಿದವರಿಗೇ ವಾಪಸು ಕಳಿಸುವುದು ನನ್ನ ಉದ್ಯೋಗವಾಗಿತ್ತು. ಸಾಲಾಗಿ ಕೂತು ಹೊಲಿಯುವ ಲೈನಿನ ಹೆಂಗಸರು ಬೆನ್ನ ಹಿಂದೆ ನನ್ನನ್ನು 'ಕೆಂಪು ಬಾಣ' ಎನ್ನುತ್ತಿದ್ದರು. ನಾನು ಅದನ್ನು ಬಿರುದೆಂದು ಭಾವಿಸಿ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ. ಇಷ್ಟು ವರ್ಷಗಳಲ್ಲಿ ನಾನಾಗಿ ಒಂದು ಗುಂಡಿಯನ್ನೂ ಹೊಲಿದವನಲ್ಲವೆಂಬ ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ. ಮುಖ್ಯವಾಗಿ ನನ್ನ ಗಮನಕ್ಕೇ ಬಂದಿರಲಿಲ್ಲ.

ಇನ್ನು ತಮ್ಮನ್ನು ಬರಮಾಡಿಕೊಂಡ ಕಾರಣ. ನನಗಿಂತ ಐದು ವರ್ಷಕ್ಕೆ ದೊಡ್ಡವಳೂ, ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದವಳೂ, ಈ ಮನೆಯಲ್ಲಿ ನನಗಿರುವ ಏಕಮಾತ್ರ ಮೇಲಧಿಕಾರಿಯೂ ಆದ ನನ್ನ ಅಕ್ಕ ಹೋದ ತಿಂಗಳ ಕೊನೆಯಲ್ಲಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಬಲ ಭುಜ ಮುರಿದುಕೊಂಡಳು. ಆಪರೇಷನ್ ಆಯಿತು. ಆರು ವಾರ ತೋಳನ್ನು ಎದೆಗೆ ಕಟ್ಟಿಕೊಂಡೇ ಇರಬೇಕು, ಮೇಲೆತ್ತುವ ಹಾಗೇ ಇಲ್ಲ ಎಂದರು ಡಾಕ್ಟರು. ತಲೆಯ ಮೇಲಿಂದ ತೊಡುವ ಯಾವ ಬಟ್ಟೆಯೂ ಇನ್ನು ಅವಳಿಗೆ ನಡೆಯದು. ಆಸ್ಪತ್ರೆಯಲ್ಲಿ ನರ್ಸ್ ಬಂದು ಬಟ್ಟೆ ಬದಲಾಯಿಸುತ್ತಿದ್ದಳು. ನಾಲ್ಕನೆಯ ದಿನ ನಾನು ಹೋದಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದವಳು ತಿರುಗದೆಯೇ, "ಮನೆಗೆ ಬಂದ್ಮೇಲೆ ನನ್ನ ಬಟ್ಟೆ ನಾನೇ ಹಾಕ್ಕೋಬೇಕು ಕಣೋ. ನಿನ್ನ ಕೈಲಿ ಹಾಕಿಸ್ಕೊಳ್ಳೋ ಹಾಗಿದ್ರೆ ನಾನು ಬರೋದೇ ಇಲ್ಲ," ಎಂದಳು. ಅಮ್ಮ ತೀರಿಕೊಂಡ ದಿನವೂ ನಡುಗದಿದ್ದ ದನಿ ಅವತ್ತು ನಡುಗಿತು. ಆ ನಡುಕವನ್ನು ಕೇಳಲಾರದೆ ನಾನು ಕೂಡಲೇ ಆಶ್ವಾಸನೆ ಕೊಟ್ಟೆ. ಮುಂಭಾಗವನ್ನೂ ಬಲ ಭುಜವನ್ನೂ ಸೀಳಿ, ಕಟ್ಟಿಕೊಳ್ಳಲು ಲಾಡಿ ಹೊಲಿದರೆ ಹಳೆಯ ನೈಟಿಗಳೇ ಸಾಕು ಎಂದೆ. "ಟೇಲರ್‌ಗೆ ಕೊಟ್ಬಿಡು," ಎಂದಳು. "ಇಪ್ಪತ್ತಾರು ವರ್ಷ ಹೊಲಿಗೆ ನೋಡಿದೀನಿ, ನಾನೇ ಹೊಲೀತೀನಿ," ಎಂದೆ. ಅಕ್ಕ ಈಗ ನನ್ನ ಕಡೆ ತಿರುಗಿ, "ನೋಡಿದೀಯ, ಸರಿ," ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡಳು. ಆ 'ಸರಿ' ಒಪ್ಪಿಗೆಯ 'ಸರಿ'ಯಲ್ಲವೆಂದು ನನಗೆ ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಅಷ್ಟರಲ್ಲಿ ತಮಗೆ ಆರ್ಡರ್ ಹೋಗಿಯಾಗಿತ್ತು.

ತಾವು ಬಂದಿಳಿದಾಗ ಅವಳು ಮನೆಗೆ ಬರಲು ಎಂಟು ದಿನವಿತ್ತು. ಒಂದು ನೈಟಿಗೆ ಎಂಟು ದಿನವೆಂದರೆ ನಮ್ಮ ಫ್ಯಾಕ್ಟರಿಯಲ್ಲಿ ಮೂರ್ಛೆ ಹೋಗುತ್ತಿದ್ದರು.

ತಮ್ಮ ಜೊತೆ ಬಂದ ಕೈಪಿಡಿ ಹನ್ನೊಂದು ಭಾಷೆಗಳಲ್ಲಿತ್ತು, ಅವುಗಳಲ್ಲಿ ಒಂದೂ ನನ್ನದಲ್ಲ. ಆದ್ದರಿಂದ ಚಿತ್ರಗಳನ್ನೇ ನಂಬಬೇಕಾಯಿತು. ಚಿತ್ರಗಳ ತುಂಬ ಬಾಣಗಳು! ದಾರ ಇಲ್ಲಿಂದ ಇಳಿಯಲಿ, ಅಲ್ಲಿ ಹತ್ತಲಿ, ಕೊಕ್ಕೆಯೊಳಗೆ ನುಸುಳಲಿ, ಸೂಜಿಯ ಕಣ್ಣಿಗೆ ಎದುರಿನಿಂದ ಹೋಗಲಿ ಎಂದು ಏಳು ಬಾಣಗಳು ನನ್ನನ್ನು ಏಳು ದಿಕ್ಕಿಗೆ ಅಟ್ಟಿದವು. ಜೀವಮಾನವೆಲ್ಲ ಬಾಣ ಹೊಡೆದವನಿಗೆ ಬಾಣದ ಇನ್ನೊಂದು ತುದಿಯಲ್ಲಿ ನಿಂತು ಅಭ್ಯಾಸವಿರಲಿಲ್ಲ. ಒಂದೂವರೆ ಗಂಟೆಯ ಮೇಲೆ ದಾರ ಸೂಜಿಯ ಕಣ್ಣು ದಾಟಿದಾಗ ನಾನೊಬ್ಬನೇ ಚಪ್ಪಾಳೆ ತಟ್ಟಿಕೊಂಡೆನೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆಮೇಲೆ ಪೆಡಲಿನ ಮೇಲೆ ಕಾಲಿಟ್ಟೆ. ಮೆತ್ತಗೆ ಒತ್ತಿದರೆ ತಾವು ಗುರ್ ಎಂದು ಗೊಣಗಿ ಸುಮ್ಮನಾಗುತ್ತಿದ್ದಿರಿ. ಅದೇ ಕೂದಲೆಳೆಯಷ್ಟು ಹೆಚ್ಚು ಒತ್ತಿದೆನೋ, ಬಸ್ಸು ತಪ್ಪಿಹೋಗುತ್ತಿದೆಯೆಂಬಂತೆ ನೈಟಿಯನ್ನು ಕಚ್ಚಿಕೊಂಡು ಓಡಿಬಿಟ್ಟಿರಿ. ತಮ್ಮ ವೇಗವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಎಲ್ಲಿಗೆ ಹೊರಟಿದ್ದೀರೆಂದು ಒಂದು ಮಾತು ತಿಳಿಸಿದ್ದರೆ ಬಟ್ಟೆಯನ್ನೂ ಆ ಕಡೆಗೇ ಹಿಡಿಯುತ್ತಿದ್ದೆ.

ಬಟ್ಟೆಯ ಮೇಲ್ಮೈಯಲ್ಲಿ ಹೊಲಿಗೆ ಹೇಗೋ ಸಹಿಸಬಹುದಾಗಿತ್ತು. ತಿರುಗಿಸಿ ನೋಡಿದರೆ ಕೆಳಗೆ ದಾರವೆಲ್ಲ ಸಿಕ್ಕುಸಿಕ್ಕಾಗಿ, ಯಾರೋ ಬಾಚಣಿಗೆಯಿಂದ ತೆಗೆದು ಎಸೆದ ತಲೆಗೂದಲಿನ ಉಂಡೆಯ ಹಾಗೆ ಜೋತುಬಿದ್ದಿತ್ತು. ಕೆಳಗೆ ಸಿಕ್ಕಾಗಿದೆಯೆಂದರೆ ತಪ್ಪು ಕೆಳದಾರದ ಉರುಳೆಯಾದ ಬಾಬಿನ್ನಿನದೇ ಎಂದು ತೀರ್ಮಾನಿಸಿ, ಅದನ್ನು ಹೊರತೆಗೆದೆ, ತಿರುಗಿಸಿ ಹಾಕಿದೆ, ಹೊಸ ದಾರ ಸುತ್ತಿದೆ, ಊದಿದೆ, ಬೈದೆ. ಒಟ್ಟು ಮೂರು ದಿನ ಇದೇ ಕಾಯಕ. ಹೊಲಿಯುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ಒಂದು ನೈಟಿಯ ಅಂಚು ಬಿಚ್ಚಿ ಬಿಚ್ಚಿ ಜಾಲರಿಯಾಗಿ, ಸೊಳ್ಳೆಪರದೆಗೆ ಯೋಗ್ಯವಾಯಿತು. ಇಡೀ ಮೂರು ದಿನ ನಾನು ತಮ್ಮನ್ನು ಉದ್ದೇಶಿಸಿ ಬಳಸಿದ ವಿಶೇಷಣಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪತ್ರವನ್ನು ಮಕ್ಕಳೂ ಓದುವ ಸಂಭವವುಂಟು.

ನಾಲ್ಕನೆಯ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ, ಮೊದಲ ಬಾರಿಗೆ, ಒಂದು ಗೇಣಷ್ಟು ಉದ್ದ ತಾವು ನನ್ನ ಮಾತು ಕೇಳಿದಿರಿ. ಆ ಸಂಭ್ರಮದಲ್ಲಿದ್ದಾಗಲೇ ಬಾಗಿಲ ಗಂಟೆ ಹೊಡೆಯಿತು. ಎದ್ದೆ. ನೈಟಿಯೂ ನನ್ನ ಜೊತೆ ಎದ್ದಿತು. ತಾವೂ ಮೇಜಿನ ಮೇಲೆ ಒಂದು ಗೇಣು ಜರುಗಿದಿರಿ. ಆ ಒಂದು ಗೇಣಿನ ಅಂದವಾದ ಹೊಲಿಗೆಯನ್ನು ತಾವು ನೈಟಿಗೂ ನನ್ನ ಅಂಗಿಯ ಕೆಳ ಅಂಚಿಗೂ ಸೇರಿಸಿ ಹಾಕಿದ್ದಿರಿ. ಬೇರೆ ದಾರಿ ಕಾಣದೆ, ತಮಗೂ ಬಟ್ಟೆಗೂ ನಡುವಿನ ದಾರವನ್ನಷ್ಟೇ ಕತ್ತರಿಸಿ, ಅಕ್ಕನ ಹೂವಿನ ನೈಟಿಯನ್ನು ಹೊಟ್ಟೆಯ ಮುಂದೆ ಜೋತುಬಿಟ್ಟುಕೊಂಡೇ ಹೋಗಿ ಬಾಗಿಲು ತೆರೆದೆ.

ನಿಂತಿದ್ದವರು ಮಹಡಿಯ ಮೇಲಿನ ಮನೆಗೆ ಎರಡು ತಿಂಗಳ ಹಿಂದೆ ಬಾಡಿಗೆಗೆ ಬಂದ ಹೆಂಗಸು. ಈಗ ಔಷಧಿ ಅಂಗಡಿಯಲ್ಲಿ ಕೆಲಸ. ಹಿಂದೆ ನಮ್ಮ ಫ್ಯಾಕ್ಟರಿಯ ಮೂರನೇ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದವರು. ಬಂದ ದಿನವೇ ನಾನವರನ್ನು ಗುರುತಿಸಿದ್ದೆ. ಗುರುತಿಸಿದ ದಿನದಿಂದ, ಅವರು ಮೆಟ್ಟಿಲಿಳಿಯುವ ಸದ್ದಾದರೆ ನಾನು ಒಳಗೇ ಉಳಿಯುತ್ತಿದ್ದೆ.

ಅವರು ನನ್ನ ಮುಖ ನೋಡಿದರು, ನೈಟಿ ನೋಡಿದರು, ಮತ್ತೆ ಮುಖ ನೋಡಿದರು. ನಗಲಿಲ್ಲ. ಅಷ್ಟು ದೊಡ್ಡ ಉಪಕಾರವನ್ನು ನನಗೆ ಈಚೆಗೆ ಯಾರೂ ಮಾಡಿರಲಿಲ್ಲ. "ಮೂರು ದಿನದಿಂದ ಸದ್ದು ಕೇಳ್ತಾ ಇದೆ ಸಾರ್. ಏನೋ ಸಿಕ್ಕಾಕೊಂಡು ಒದ್ದಾಡ್ತಾ ಇದೆ ಅಂತ ಮೇಲಕ್ಕೇ ಗೊತ್ತಾಗತ್ತೆ. ಇವತ್ತು ರಜ, ತಡೆಯಕ್ಕಾಗ್ಲಿಲ್ಲ, ಬಂದೆ," ಎಂದರು.

ಒಳಗೆ ಬಂದು ತಮ್ಮ ಮುಂದೆ ಕೂತರು. ನಾನು ಪಕ್ಕದಲ್ಲಿ ನಿಂತು, ಕೇಳದಿದ್ದರೂ, ನನ್ನ ವರದಿಯನ್ನು ಒಪ್ಪಿಸಿದೆ: ನಾನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೇನೆ, ಮೆಷಿನ್ನೇ ಸರಿಯಿಲ್ಲ.

ಅವರು ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ನೇರ ಮಾಡಿಕೊಳ್ಳುತ್ತ, ನನ್ನ ಕಡೆ ನೋಡದೆಯೇ, "ಮೆಷಿನ್‌ಗೆ ಬಾಯಿಲ್ಲ ಸಾರ್," ಎಂದರು.

ಮಾನ್ಯರೇ, ಆ ಮಾತು ನನ್ನದು. ಹದಿನೈದು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಈಕೆಯ ಮೂವತ್ತೆಂಟು ಕಾಲರುಗಳಿಗೆ ಮೂವತ್ತೆಂಟು ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸಿದ್ದೆ. ಈಕೆ ಎದ್ದು ಬಂದು, "ಸಾರ್, ಮೆಷಿನ್ ಸರಿಯಿಲ್ಲ, ಮೆಕ್ಯಾನಿಕ್‌ನ ಕರೆಸಿ," ಎಂದಾಗ ಇಡೀ ಲೈನಿಗೆ ಕೇಳುವಂತೆ, "ಮೆಷಿನ್‌ಗೆ ಬಾಯಿಲ್ಲ ಅಂತ ಅದರ ಮೇಲೆ ಹಾಕ್ಬೇಡಮ್ಮ," ಎಂದಿದ್ದೆ. ನಾಲ್ಕು ಜನ ನಕ್ಕಿದ್ದರು. ನನಗೆ ಖುಷಿಯಾಗಿತ್ತು. ಊಟದ ಬಿಡುವಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದಾಗ ಈಕೆ ಮೆಟ್ಟಿಲ ಮೇಲೆ ಕೂತು ಕಾಲರ್ ಬಿಚ್ಚುತ್ತಿದ್ದಳು. ಮರುದಿನ ಮೆಕ್ಯಾನಿಕ್ ಬಂದು ನೋಡಿ, ಮೆಷಿನ್ನಿನ ಒಳಗೇ ಒಂದು ಭಾಗ ಸವೆದಿದೆ, ಯಾರು ಕೂತರೂ ಹೊಲಿಗೆ ಹೀಗೇ ಬರುವುದು ಎಂದು ನನಗೆ ಬಂದು ಹೇಳಿದ. ನಾನು ತಲೆಯಾಡಿಸಿದೆ. ಈಕೆಗೆ ಹೇಳಲಿಲ್ಲ, ರಿಜಿಸ್ಟರಿನಲ್ಲಿ ಈಕೆಯ ಹೆಸರಿನ ಮುಂದೆ ಬರೆದಿದ್ದ ಮೂವತ್ತೆಂಟು ತಪ್ಪುಗಳನ್ನು ಹೊಡೆದುಹಾಕಲೂ ಇಲ್ಲ. ಒಂದು ಗೀಟು ಎಳೆಯಲು ಎಷ್ಟು ಹೊತ್ತು ಬೇಕು, ತಾವೇ ಹೇಳಿ. ತಾವಂತೂ ನಿಮಿಷಕ್ಕೆ ಎಂಟುನೂರು ಎಳೆಯುತ್ತೀರಿ.

ಇತ್ತ ಅವರು ಬಟ್ಟೆಯನ್ನು ಅದುಮಿ ಹಿಡಿಯುವ ತಮ್ಮ ಲೋಹದ ಪಾದವನ್ನು ಮೇಲಕ್ಕೆತ್ತಿ, ದಾರವನ್ನು ಪೂರ್ತಿ ಎಳೆದು ಮತ್ತೆ ಮೊದಲಿನಿಂದ ಹಾಕಿದರು. "ಪಾದ ಇಳಿಸ್ಕೊಂಡು ದಾರ ಹಾಕಿದೀರ. ಆಗ ಮೇಲ್ಗಡೆ ದಾರಕ್ಕೆ ಹಿಡಿತಾನೇ ಸಿಗಲ್ಲ. ಸಿಕ್ಕು ಕಾಣೋದು ಕೆಳಗೆ, ತಪ್ಪು ಇರೋದು ಮೇಲೆ," ಎಂದರು. ತಮ್ಮ ವಿಚಾರವಾಗಿಯೇ ಹೇಳಿದ್ದೆಂದು ನಂಬಲು ಸಾಕಷ್ಟು ಪ್ರಯತ್ನಪಟ್ಟೆ. ನಾಚಿಕೆಗೇಡೆಂದರೆ, ಅವರ ಕಾಲು ಪೆಡಲನ್ನು ಮುಟ್ಟಿದ್ದೇ ತಡ ತಾವು ಮುದ್ದಿನ ಬೆಕ್ಕಿನ ಹಾಗೆ ಗುರುಗುಟ್ಟುತ್ತ ನೆಟ್ಟಗೆ ನಡೆದಿರಿ.

ಆಮೇಲೆ ನಾನು ಕತ್ತರಿಸಿ ಜೋಡಿಸಿಟ್ಟಿದ್ದ ಆರು ಲಾಡಿಗಳನ್ನು ಎತ್ತಿ, "ಇದು ಯಾರಿಗೆ?" ಎಂದು ಕೇಳಿದರು. ಹೇಳಿದೆ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯೊಂದರಿಂದಲೇ ಲಾಡಿಯ ಗಂಟು ಹಾಕಲು ಹೊರಟು, ಸೋತು, ಅದನ್ನು ಮೇಜಿನ ಮೇಲೆ ಬಿಟ್ಟು ನನ್ನ ಕಡೆ ನೋಡಿದರು. ಇಷ್ಟು ದಿನವೂ ನನಗೆ ಇದು ಹೊಳೆದಿರಲಿಲ್ಲ. ಸಂಜೆಯೇ ಹೋಗಿ, ಒತ್ತಿದರೆ ಅಂಟಿಕೊಂಡು ಎಳೆದರೆ ಬಿಡುವ ವೆಲ್ಕ್ರೋ ಪಟ್ಟಿ ತಂದೆ. "ನಾನು ಹೊಲಿದ್ಕೊಡ್ಲಾ?" ಎಂದು ಅವರು ಕೇಳಿದ್ದರು. ಬೇಡ, ನಾನೇ ಹೊಲಿಯುತ್ತೇನೆ, ತಪ್ಪಿದರೆ ಹೇಳಿ ಎಂದೆ. ಮುಂದಿನ ನಾಲ್ಕು ದಿನ ಅವರು ಕೆಲಸಕ್ಕೆ ಹೋಗುವ ಮುಂಚೆ ಐದು ನಿಮಿಷ ಬಂದು ನೋಡಿ, ತಪ್ಪಿದ ಜಾಗದಲ್ಲಿ ಉಗುರಿನಿಂದ ಗೀರಿ ಹೋಗುತ್ತಿದ್ದರು. ಬೇಕಾದಷ್ಟು ಗೀರಿದರು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಬಾಬಿನ್ನಿನ ದಾರ ಮುಗಿಯುವ ಮುನ್ನ ತಾವು ಸಣ್ಣಗೆ ಕೆಮ್ಮಬೇಕು, ಏಕೆಂದರೆ ದಾರವಿಲ್ಲದೆ ಒಂದು ಮೊಳ ಹೊಲಿದು ಹೆಮ್ಮೆಪಡುವುದು ಈ ವಯಸ್ಸಿನಲ್ಲಿ ಶೋಭಿಸದು. ನನ್ನ ಬೆರಳು ಸೂಜಿಯ ಬಳಿ ಬಂದಾಗ, ಹಿರಿಯರೆಂಬ ಗೌರವದಿಂದಾದರೂ, ಅರೆಕ್ಷಣ ತಡೆಯಬೇಕು. ಸಾಧ್ಯವಾದರೆ ಹದಿನೈದು ವರ್ಷದಷ್ಟು ಹಿಂದಕ್ಕೂ ಹೊಲಿಯುವುದನ್ನು ಕಲಿಯಬೇಕು. ತಮ್ಮಲ್ಲಿ ಹಿಂದಕ್ಕೆ ಹೊಲಿಯುವ ಗುಂಡಿಯೊಂದಿದೆ, ಒತ್ತಿ ನೋಡಿದ್ದೇನೆ. ಅದು ಮೂರು ಹೊಲಿಗೆ ಹಿಂದೆ ಹೋಗಿ ನಿಲ್ಲುತ್ತದೆ.

ಎಂಟನೆಯ ದಿನ ಅಕ್ಕ ಬಂದಳು. ನೈಟಿಯನ್ನು ಮಂಚದ ಮೇಲಿಟ್ಟು ಹೊರಗೆ ಬಂದೆ. ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಪಟ್ಟಿ ಚರ್ರೆಂದು ಬಿಡುವ ಸದ್ದು, ಮೌನ, ಮತ್ತೆ ಚರ್ರ್. "ಅಕ್ಕಾ, ಆಯ್ತಾ?" ಎಂದೆ. "ಸುಮ್ನೆ ಇರೋ," ಎಂದಳು. ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಗೋಡೆಗೊರಗಿ ನಿಂತಿದ್ದೆ. ಬಾಗಿಲು ತೆರೆಯಿತು. ಎಡ ಅಂಚು ಬಲಕ್ಕಿಂತ ಎರಡು ಬೆರಳು ಕೆಳಗಿತ್ತು. ಭುಜದ ಹತ್ತಿರ ನೆರಿಗೆ ಬಿದ್ದಿತ್ತು. ಕತ್ತಿನ ಬಳಿ ಹೊಲಿಗೆ ಹಾವಿನ ಹಾಗೆ ಹರಿದಿತ್ತು. ಅಕ್ಕ ಬೆವರಿದ್ದಳು, ತಲೆ ಕೆದರಿತ್ತು, ಬೆನ್ನು ನೆಟ್ಟಗಿತ್ತು. ಯಾರ ಸಹಾಯವೂ ಇಲ್ಲದೆ ಅಡುಗೆಮನೆಯ ತನಕ ನಡೆದುಹೋಗಿ, ಎಡಗೈಯಲ್ಲಿ ಲೋಟ ತೆಗೆದುಕೊಂಡು ನೀರು ಕುಡಿದಳು. ಆಮೇಲೆ, "ಇನ್ನೊಂದು ಹೊಲಿ. ಒಗೆದು ಹಾಕೋಕೆ ಎರಡು ಬೇಕು," ಎಂದಳು.

ಇನ್ನೊಂದು ತಮ್ಮ ಪಾದದ ಕೆಳಗಿದೆ. ದಯವಿಟ್ಟು ಸಹಕರಿಸಿ.

ಇಂತು, ಬೈಗುಳವನ್ನೆಲ್ಲ ವಾಪಸು ಪಡೆದು ದೂರನ್ನು ಮಾತ್ರ ಉಳಿಸಿಕೊಂಡಿರುವ,
ತಮ್ಮ ತಡವಾದ ವಿಶ್ವಾಸಿ,
ನಿವೃತ್ತ ಚೆಕ್ಕರ್, ಕೆಳಗಿನ ಮನೆ

ತಾ.ಕ.: ಪತ್ರವನ್ನು ಅಕ್ಕನಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿ, "ಮೆಷಿನ್‌ಗೆ ಯಾಕೋ ಬರ್ದೆ? ಮೇಲಿನ ಮನೆಯವಳಿಗೆ ಬರೀಬೇಕಿತ್ತಲ್ವಾ?" ಎಂದಳು. ಆದಕಾರಣ, ತಾವು ಓದಿಯಾದ ಮೇಲೆ ಇದನ್ನು ಮಹಡಿಗೆ ತಲುಪಿಸಿ ಬರಬೇಕಾಗಿ ಕೋರುತ್ತೇನೆ. ಇರುವುದು ಹದಿನಾರೇ ಮೆಟ್ಟಿಲು. ತಮಗೆ ಇರುವುದು ಒಂದೇ ಪಾದವೆಂದು ಬಲ್ಲೆ. ನನಗೆ ಎರಡಿವೆ, ಮಂಡಿನೋವೂ ಇಲ್ಲ. ಆದರೂ ನಾಲ್ಕು ದಿನದಿಂದ ಮೂರನೇ ಮೆಟ್ಟಿಲಿನವರೆಗೆ ಹೋಗಿ ವಾಪಸು ಬರುತ್ತಿದ್ದೇನೆ.