ಸೀಮೆಸುಣ್ಣಕ್ಕೆ ಸೋತ ಹಳದಿ ಮಾತ್ರೆಯ ಪರವಾಗಿ

ಮಂಡಿ ಮೊಹಲ್ಲಾ, ಮೈಸೂರು
೧೯೬೨, ಆಷಾಢ ಮಾಸ

ಉಬ್ಬಸದ ಮಾತ್ರೆಗಳ ಪರೀಕ್ಷಾ ಸಮಿತಿಯ ಅಧ್ಯಕ್ಷರಾದ ಡಾಕ್ಟರ್ ಲಕ್ಷ್ಮೀನರಸಿಂಹ ಅವರ ಸನ್ನಿಧಾನಕ್ಕೆ, ಮೆಣಸಿನಕಾಯಿ ಮಂಡಿಯ ಗುಮಾಸ್ತ ಚನ್ನಬಸವಯ್ಯನು ಎರಡೂ ಕೈ ಜೋಡಿಸಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಇದರ ಬೆನ್ನಿಗೇ 'ನಾವೂ ಕ್ಷೇಮ' ಎಂದು ಬರೆಯುವುದು ವಾಡಿಕೆ. ಆದರೆ ಆ ವಾಡಿಕೆಯಿಂದಲೇ ಇಷ್ಟೆಲ್ಲ ಅನಾಹುತವಾಗಿರುವುದರಿಂದ ಈ ಸಲ ಅದನ್ನು ಬಿಟ್ಟಿದ್ದೇನೆ, ಒರಟನೆಂದು ಎಣಿಸಬಾರದು. ಹತ್ತು ಜನಕ್ಕೆ ತಿಳಿಯಲಿ ಎಂದು ಇದರ ಒಂದು ಪ್ರತಿಯನ್ನು ನಮ್ಮ ಬೀದಿಯ ವಾಚನಾಲಯದ ಗೋಡೆಗೂ ಅಂಟಿಸಿದ್ದೇನೆ.

ಚಾಮರಾಜಪುರಂನಲ್ಲಿರುವ ತಮ್ಮ ಬಂಗಲೆಯ ಬಾಗಿಲಿಗೆ ತಾವು ಹಾಕಿಸಿದ ಪ್ರಕಟಣೆಯನ್ನು ಓದಿ ಧನ್ಯನಾದೆ. ಉಬ್ಬಸದವರಿಗೆ ಆರು ತಿಂಗಳು ಉಚಿತವಾಗಿ ಹಂಚಿದ ಮಾತ್ರೆಗಳಲ್ಲಿ ಹಳದಿಯದು ನಿಜವಾದ ಹೊಸ ಔಷಧವೆಂದೂ, ಬಿಳಿಯದು ಹೋಲಿಕೆಗಾಗಿ ಕೊಟ್ಟ ಸಕ್ಕರೆ ಬೆರೆಸಿದ ಸೀಮೆಸುಣ್ಣವೆಂದೂ, ರೋಗಿಗಳ ಬಾಯಿಂದಲೇ ಕೇಳಿ ತೂಗಿ ನೋಡಿದಾಗ ಸೀಮೆಸುಣ್ಣದಿಂದ ಹೆಚ್ಚು ಗುಣ ಕಂಡುಬಂದ ಕಾರಣ ಹಳದಿ ಮಾತ್ರೆಯನ್ನು ಕೂಡಲೇ ನಿಲ್ಲಿಸಲಾಗಿದೆಯೆಂದೂ ಅದರಲ್ಲಿ ಬರೆದಿತ್ತು. ಔಷಧವೊಂದು ಸೀಮೆಸುಣ್ಣದ ಮುಂದೆ ಮಂಡಿಯೂರಿದ ಸುದ್ದಿ ಬೇರೆ ಯಾವ ಸೀಮೆಯಿಂದಲೂ ಬಂದಿರಲಾರದು, ಆ ಕೀರ್ತಿ ನಮ್ಮ ಊರಿಗೆ ಸಂದದ್ದಕ್ಕೆ ಪೌರರೆಲ್ಲ ಸೇರಿ ತಮಗೊಂದು ಶಾಲು ಹೊದಿಸಬೇಕು.

ಮೊದಲ ದಿನ ತಾವು ಬೆಂಚಿನ ಮೇಲೆ ಸಾಲಾಗಿ ಕೂತ ರೋಗಿಗಳಿಗೂ ಅವರ ಜೊತೆ ಬಂದ ನಮಗೂ, "ಯಾವ ಬಣ್ಣದಲ್ಲಿ ಔಷಧ ಇದೆ ಅಂತ ನನಗೂ ಗೊತ್ತಿಲ್ಲ" ಎಂದಿರಿ. ಇಷ್ಟು ದೊಡ್ಡ ಡಾಕ್ಟರಿಗೆ ಗೊತ್ತಿಲ್ಲದೆ ಇರುತ್ತದೆಯೇ, ಪಾಪ, ಎಷ್ಟು ವಿನಯ ಎಂದು ನಾವು ತಲೆದೂಗಿದೆವು. ರೋಗಿಯ ಉಸಿರನ್ನು ಊದಿಸಿ ಅಳೆಯುವ ಪರದೇಶದ ಯಂತ್ರ ಮದರಾಸಿನ ಬಂದರಿನಲ್ಲಿ ಸುಂಕದವರ ಕೈಯಲ್ಲಿ ಸಿಕ್ಕಿಕೊಂಡಿದೆ, ಅದು ಬರುವ ತನಕ ಬಾಯಿಮಾತಿನಲ್ಲೇ ಕೇಳಿ ಬರೆದುಕೊಳ್ಳುತ್ತೇವೆ ಎಂದೂ ಹೇಳಿದಿರಿ. ಹಾಗೆಯೇ ವಾರಕ್ಕೊಮ್ಮೆ ಇಡೀ ಬೆಂಚಿನ ಎದುರಿಗೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಮುಗುಳ್ನಕ್ಕು, "ಹೇಗಿದ್ದೀರಿ?" ಎಂದು ಕೇಳಿದಿರಿ.

ಮಾನ್ಯರೇ, ಮೈಸೂರಿನಲ್ಲಿ ಆ ಪ್ರಶ್ನೆಗೆ ಉತ್ತರ ಒಂದೇ. ಬಿಳಿ ಮಾತ್ರೆಯ ಪಾಲಿಗೆ ಬಿದ್ದಿದ್ದ ನಿವೃತ್ತ ಮೇಷ್ಟ್ರು ವೃಷಭೇಂದ್ರಪ್ಪನವರನ್ನೇ ತೆಗೆದುಕೊಳ್ಳಿ. ಅವರು ಬಂಗಲೆಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಕಡೆ ಕೂತು, ಕಂಬ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ಬರುತ್ತಿದ್ದರು. ತಾವು ಕೇಳಿದ ಕೂಡಲೇ ಅಂಗವಸ್ತ್ರ ಸರಿಮಾಡಿಕೊಂಡು, "ತಮ್ಮ ಆಶೀರ್ವಾದ, ತುಂಬಾ ಚೆನ್ನಾಗಿದೀನಿ" ಎನ್ನುತ್ತಿದ್ದರು. ಬಿಟ್ಟಿಯಾಗಿ ಔಷಧ ಕೊಟ್ಟವರ ಮುಖಕ್ಕೇ ಅದು ಕೆಟ್ಟದ್ದು ಎನ್ನುವುದು, ಕರೆದು ಊಟಕ್ಕೆ ಹಾಕಿದ ಮನೆಯಲ್ಲಿ ಸಾರು ಹಳಸಿದೆ ಎಂದಂತೆ, ಮರ್ಯಾದಸ್ಥರು ಯಾರು ತಾನೇ ಅಂದಾರು? ನಲವತ್ತು ವರ್ಷ ಸೀಮೆಸುಣ್ಣದ ಪುಡಿಯನ್ನು ಉಸಿರಾಡಿ ಉಬ್ಬಸ ತಂದುಕೊಂಡ ಆ ಮಹನೀಯರಿಗೆ ತಾವು ಅದನ್ನೇ ಮಾತ್ರೆ ಮಾಡಿ ನುಂಗಿಸಿದ್ದು ನಿಜಕ್ಕೂ ಗೌರವದ ಕೆಲಸ.

ಇನ್ನು ನನ್ನ ಮನೆಯವಳಾದ ಮಂಜುಳಮ್ಮನ ವಿಷಯ. ಮೆಣಸಿನಕಾಯಿ ಮಂಡಿಯವನನ್ನು ಕಟ್ಟಿಕೊಂಡ ಫಲವಾಗಿ ಬಹಳ ವರ್ಷಗಳಿಂದ ಅವಳಿಗೆ ಉಸಿರು ಸಾಲದು. ಒಲೆಯ ಮುಂದೆ ಊದುಗೊಳವೆ ಹಿಡಿದು ಒಂದು ಊದು ಊದಿದರೆ ಗೋಡೆಗೆ ಒರಗಿಬಿಡುವಳು, ಆಮೇಲೆ ಬೆಂಕಿ ಮಾಡುವುದು ನಾನೇ. ನನ್ನನ್ನು ಬೈಯಲು ಹೊರಟರೂ ಮೂರನೆಯ ಮಾತಿಗೇ ಉಸಿರು ಕಟ್ಟಿ, ಬೈಗುಳ ಅರ್ಧಕ್ಕೆ ನಿಂತು, ಉಳಿದದ್ದನ್ನು ನಾನು ಊಹಿಸಿಕೊಂಡು ತಲೆ ತಗ್ಗಿಸುವುದು ನಮ್ಮ ಸಂಸಾರದ ಕ್ರಮವಾಗಿತ್ತು. ತಮ್ಮ ಹಳದಿ ಮಾತ್ರೆ ಶುರುವಾಗಿ ಒಂದು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಬುಸ್ಸೆಂದು ಸದ್ದಾಯಿತು. ಹೋಗಿ ನೋಡಿದರೆ ಇವಳು ಊದುಗೊಳವೆ ಹಿಡಿದು, ಹಸಿ ಸೌದೆಯನ್ನು ಹೊತ್ತಿಸಿ ಕೂತಿದ್ದಾಳೆ! ನಾನು ಬಾಯಿ ಬಿಟ್ಟು ನಿಂತದ್ದನ್ನು ಕಂಡು, "ಏನ್ರೀ ಹಂಗ್ ನಿಂತ್ಬುಟ್ರಿ ಗರುಡಗಂಬದ ಥರ, ನಿನ್ನೆ ಉಪ್ಪು ತನ್ನಿ ಅಂದ್ರೆ ಊರ ಸುದ್ದಿಯೆಲ್ಲ ಹೊತ್ಕೊಂಡು ಉಪ್ಪೊಂದ ಮರೆತು ಬಂದ್ಬುಟ್ರಿ, ಈಗಾದ್ರೂ ಹೋಗಿ ತರ್ಬಾರ್ದಾ" ಎಂದು ಒಂದೇ ಉಸಿರಿಗೆ ಅಂದಳು. ಪೂರ್ತಿ ಬೈಗುಳವನ್ನು ಕೇಳಿ ಎಷ್ಟು ವರ್ಷವಾಗಿತ್ತೋ, ಸಂತೋಷಕ್ಕೆ ನನ್ನ ಕಣ್ಣು ತುಂಬಿಬಂತು. ಆ ದಿನವೂ ಉಪ್ಪು ಮರೆತೆ.

ಇದನ್ನು ತಮ್ಮ ಮುಂದೆ ಹೇಳಲಿಲ್ಲವೇಕೆ ಎಂದು ತಾವು ಕೇಳಬಹುದು. ಅಷ್ಟು ಜನ ಉಸಿರಿಗೆ ಒದ್ದಾಡುತ್ತ ಕೂತಿರುವ ಬೆಂಚಿನ ಎದುರಿಗೆ, 'ನಾನು ಗುಣವಾಗಿಬಿಟ್ಟೆ' ಎಂದು ಬಾಯಿಬಿಟ್ಟು ಹೇಳಿ ಕಣ್ಣುದೃಷ್ಟಿ ತಗುಲಿಸಿಕೊಳ್ಳುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಆದ್ದರಿಂದ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು, "ಏನೋ ಹಂಗೇ ಇದೀನಿ ಕಣಪ್ಪ, ಹೇಳ್ಕೊಳೋ ಹಂಗೇನೂ ಇಲ್ಲ" ಎಂದಳು. ಹಳದಿಯದನ್ನೇ ನುಂಗುತ್ತ, ವಿದ್ಯಾರಣ್ಯಪುರಂನಿಂದ ಬಿಸಿಲಿನಲ್ಲಿ ನಡೆದೇ ಬರುವಷ್ಟು ಗಟ್ಟಿಯಾಗಿದ್ದ ಪುಟ್ಟತಾಯಮ್ಮ ಕೂಡ, "ಅಂಗೇ ಇವ್ನಿ ಕಣಪ್ಪ, ನಮ್ ಅಣೆಬರ" ಎಂದು ನಿಟ್ಟುಸಿರು ಬಿಟ್ಟರು. ಅಷ್ಟುದ್ದದ ನಿಟ್ಟುಸಿರು ಬಿಡಲು ಎದೆ ತುಂಬ ಗಾಳಿ ಬೇಕಾಗುತ್ತದೆ ಎಂಬುದನ್ನು ಯಾರೂ ಬರೆದುಕೊಳ್ಳಲಿಲ್ಲ. ಹೀಗೆ ಗುಣವಾಗದವರೆಲ್ಲ ಮರ್ಯಾದೆಗೆ ಅಂಜಿ 'ಚೆನ್ನಾಗಿದೀನಿ' ಎಂದರು, ಗುಣವಾದವರೆಲ್ಲ ದೃಷ್ಟಿಗೆ ಅಂಜಿ 'ಇಲ್ಲ' ಎಂದರು. ತಾವು ಎರಡನ್ನೂ ಅಂದವಾದ ಅಕ್ಷರದಲ್ಲಿ ಬರೆದುಕೊಂಡು ವಿಜ್ಞಾನ ಮಾಡಿದಿರಿ.

ಮುಂದಿನ ಪರೀಕ್ಷೆಗೆ ಅನುಕೂಲವಾಗಲೆಂದು ಕೆಲವು ವಿನಂತಿಗಳಿವೆ. ತಾವು ಸಮಿತಿ ಸಮೇತ ನಮ್ಮ ಅಡುಗೆಮನೆಯ ಅಟ್ಟದ ಮೇಲೆ ವಾರಗಟ್ಟಲೆ ಅಡಗಿ ಕೂತು ಊದುಗೊಳವೆಯ ಸದ್ದನ್ನು ಆಲಿಸಬೇಕು, ಹೊಗೆಗೆ ಕೆಮ್ಮಬಾರದು. ಅದು ಕಷ್ಟವೆನಿಸಿದರೆ, ರೋಗಿ ಹೇಗಿದ್ದಾರೆಂದು ರೋಗಿಯನ್ನು ಬಿಟ್ಟು ಅವರ ಓರಗಿತ್ತಿಯನ್ನು ಕೇಳಬೇಕು. ವೃಷಭೇಂದ್ರಪ್ಪನವರಂಥವರ ಬಾಯಲ್ಲಿ ನಿಜ ಹೊರಡಬೇಕಾದರೆ ಮೊದಲು ಅವರನ್ನು ಚೆನ್ನಾಗಿ ಅವಮಾನ ಮಾಡಿ, ಜಗಳ ತೆಗೆದು, ಆಮೇಲೆ ಆರೋಗ್ಯ ವಿಚಾರಿಸಬೇಕು. ಬಂದರಿನ ಯಂತ್ರ ಬರುವ ತನಕ ನಮ್ಮ ಮನೆಯ ಊದುಗೊಳವೆಯನ್ನು ಸಮಿತಿಗೆ ಎರವಲು ಕೊಡಲು ನಾನು ಸಿದ್ಧ. ಅದಕ್ಕೆ ಸುಂಕವಿಲ್ಲ.

ಮಾತ್ರೆ ನಿಂತ ಎರಡನೆಯ ವಾರಕ್ಕೆ ಮಂಜುಳಮ್ಮನ ಬೈಗುಳ ಮತ್ತೆ ಅರ್ಧಕ್ಕೆ ನಿಲ್ಲತೊಡಗಿತು. ಅಡುಗೆಮನೆಯಲ್ಲಿ ಮತ್ತೆ ನಾನೇ ಬೆಂಕಿ ಮಾಡತೊಡಗಿದೆ. ಆಗ ಅವಳೇ, "ದೃಷ್ಟಿ ಆದ್ರೆ ಆಗ್ಲಿ ಕಣ್ರೀ, ಹೋಗಿ ನಿಜ ಹೇಳ್ಬುಡ್ತೀನಿ" ಎಂದು ಹಟ ಹಿಡಿದು ಜಟಕಾ ಹತ್ತಿದಳು. ತಮ್ಮ ಮೇಜಿನ ಮುಂದೆ ನಿಂತು, "ಹಳದಿ ಮಾತ್ರೆ... ಆ ಹಳದಿ ಮಾತ್ರೆಯಿಂದ..." ಎಂದಳು, ಮುಂದಕ್ಕೆ ಉಸಿರು ಸಿಕ್ಕಲಿಲ್ಲ. ತಾವು ದೊಡ್ಡ ಮನಸ್ಸಿನಿಂದ ಎದ್ದು ಬಂದು, ಕುರ್ಚಿ ಕೊಟ್ಟು, ನೀರು ಕುಡಿಸಿ, ನನ್ನ ಕಡೆ ತಿರುಗಿ, "ನೋಡಿದಿರಾ ಚನ್ನಬಸವಯ್ಯನವರೇ, ಆ ಮಾತ್ರೆ ಇವರನ್ನ ಯಾವ ಸ್ಥಿತಿಗೆ ತಂದಿದೆ! ನಿಲ್ಲಿಸಿದ್ದೇ ಒಳ್ಳೇದಾಯ್ತು" ಎಂದಿರಿ. ತಮ್ಮ ಬೆನ್ನ ಹಿಂದಿನ ಗಾಜಿನ ಬೀರುವಿನಲ್ಲಿ ಹಳದಿ ಮಾತ್ರೆಯ ಸೀಸೆಗಳು ಸಾಲಾಗಿ ಕೂತಿದ್ದವು. ಇವಳು ಅವುಗಳತ್ತ ಬೆರಳು ತೋರಿಸುತ್ತಲೇ ಇದ್ದಳು. ನಾನೇನು ಹೇಳಿದೆ ಎಂಬುದು ತಮಗೆ ನೆನಪಿರಬಹುದು. ಕೈ ಮುಗಿದು, "ಎಲ್ಲಾ ತಮ್ಮ ದಯೆ" ಎಂದೆ.

ಎದುರಿಗೆ ನಿಂತರೆ ನನ್ನ ನಾಲಿಗೆ ಅದನ್ನು ಬಿಟ್ಟು ಬೇರೇನೂ ಆಡುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಈ ಪತ್ರ ಬರೆಯುತ್ತಿದ್ದೇನೆ. ಆ ಸೀಸೆಗಳನ್ನು ಔಷಧದ ಕಂಪನಿಗೆ ಹಿಂದಿರುಗಿಸುವ ಮುನ್ನ ನನ್ನ ಮಂಜುಳಮ್ಮನನ್ನು ಒಮ್ಮೆ ನೆನೆಯಬೇಕು. ಅವಳ ಬಾಯಿಂದ ಒಂದು ಪೂರ್ತಿ ಬೈಗುಳ ಕೇಳಬೇಕೆಂಬುದರ ಹೊರತು ನನಗೆ ಬೇರೆ ಆಸೆ ಉಳಿದಿಲ್ಲ.

ಇಂತಿ, ಸಮಿತಿಯ ಬೆಂಚನ್ನು ಆರು ತಿಂಗಳು ಸವೆಸಿದ,
ತಮ್ಮ ವಿಶ್ವಾಸಿ,
ಚನ್ನಬಸವಯ್ಯ

ಮರೆತ ಮಾತು: ನಾಳೆಯೋ ನಾಡಿದ್ದೋ ತಾವು ರಸ್ತೆಯಲ್ಲಿ ಎದುರಾಗಿ, ಮುಗುಳ್ನಕ್ಕು, "ಮನೆಯವರು ಹೇಗಿದ್ದಾರೆ?" ಎಂದು ಕೇಳಿದರೆ, ನಾನು ಕೊಡೆ ಮಡಿಸಿ, ಕೈ ಮುಗಿದು, "ತಮ್ಮ ಆಶೀರ್ವಾದ, ಚೆನ್ನಾಗಿದ್ದಾರೆ" ಎಂದೇ ಹೇಳುತ್ತೇನೆ. ದಯವಿಟ್ಟು ಅದನ್ನು ಬರೆದುಕೊಳ್ಳಬೇಡಿ.