ಕೂಡದ ಗೆರೆಗಳು

ಚಂದ್ರಾ ಮಗ್ಗದ ಹಿಂದೆ ಕುಳಿತು, ಹಾಸುನೂಲಿನ ಮುಗಿದ ಪಾವಿನ ತುದಿಗೆ ಹೊಸ ಪಾವಿನ ಎಳೆಗಳನ್ನು ಸೇರಿಸುತ್ತಿದ್ದಳು. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆಗೆ ಹೊಸ ಎಳೆ ಇಟ್ಟು ಒಂದು ತಿರುವು. ಅಂಥವು ಸಾವಿರಾರು. ನಡುವೆ ಒಂದು ತಪ್ಪಿದರೆ ಸಾಕು, ಅದರ ಮುಂದಿನವೆಲ್ಲ ತಪ್ಪು ಬಸ್ಸು ಹತ್ತಿದ ಶಾಲೆಮಕ್ಕಳ ಹಾಗೆ ಇನ್ನೆಲ್ಲೋ ಹೋಗಿ ಇಳಿಯುತ್ತವೆ. ಅದಕ್ಕೇ ಈ ಕೆಲಸಕ್ಕೆ ಕುಳಿತವರನ್ನು ಸಿರುಮುಗೈಯಲ್ಲಿ ಯಾರೂ ಎಬ್ಬಿಸುವುದಿಲ್ಲ.

"ಚಂದ್ರಾ, ಸ್ವಲ್ಪ ಎದ್ದು ಬಾ," ಎಂದು ಅತ್ತಿಗೆ ಮಲ್ಲಿಗಾ ಮುಂದಿನ ಕೋಣೆಯಿಂದ ಕರೆದಳು. ಬೆಳಗಿನಿಂದ ಇದು ನಾಲ್ಕನೆಯ ಸಲ.

ಕಾರಣ ಅಣ್ಣನ ಮಗಳು ನಿತ್ಯಾ. ಶರವಣಂಪಟ್ಟಿಯಲ್ಲಿ ಕೆಲಸದಲ್ಲಿರುವ ಹುಡುಗಿ ಶನಿವಾರ ಮನೆಗೆ ಬಂದು, ಊಟದ ತಟ್ಟೆಯ ಮುಂದೆ ಕುಳಿತು, ಹಿಂದಿನ ಬೀದಿಯ ಕಾರ್ತಿಯನ್ನು ಮದುವೆಯಾಗುತ್ತೇನೆ ಎಂದಿದ್ದಳು. ಕಾರ್ತಿ ವಸಂತಕುಮಾರನ ಮಗ. ಆ ಮನೆಯೂ ಈ ಮನೆಯೂ ಒಂದೇ ಕುಲ. ಒಂದೇ ಕುಲದವರು ಪಂಗಾಳಿಗಳು, ಅಂದರೆ ಅಣ್ಣ ತಂಗಿ. ಭಾನುವಾರ ಬೆಳಗಾಗುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಮುಂದಿನ ಕೋಣೆಯಲ್ಲಿದ್ದರು.

ಅವರಿಗೊಂದು ಸಾಕ್ಷಿ ಬೇಕಿತ್ತು. ಸಾಕ್ಷಿ ಮಗ್ಗದ ಹಿಂದೆ ಕುಳಿತಿತ್ತು.

ಇಪ್ಪತ್ತನಾಲ್ಕು ವರ್ಷದ ಕೆಳಗೆ ಇದೇ ವಸಂತಕುಮಾರನಿಗೆ ಚಂದ್ರಾಳನ್ನು ಕೇಳಿಕೊಂಡು ಬಂದಿದ್ದರು. ಅಪ್ಪ ನೆಗಮಂಗೆ ಹೋಗಿ, ಎಲ್ಲರ ಕುಲವನ್ನೂ ತಲೆಯಲ್ಲಿಟ್ಟುಕೊಂಡಿದ್ದ ಅಂಗಪ್ಪನ್ ತಾತನನ್ನು ವಿಚಾರಿಸಿ ಬಂದು, "ಒಂದೇ ಕುಲವಂತೆ. ಅವನು ನಿನಗೆ ಅಣ್ಣನಾಗಬೇಕು," ಎಂದರು. ಚಂದ್ರಾ ಅಳಲಿಲ್ಲ. ಹತ್ತನೆಯ ತರಗತಿಯಲ್ಲಿ ಅವಳೂ ವಸಂತನೂ ಒಟ್ಟಿಗೆ ಕಲಿತ ಪಾಠ ಅವಳ ನೆರವಿಗೆ ಬಂತು. ಸಮಾನಾಂತರ ರೇಖೆಗಳನ್ನು ಎಷ್ಟು ದೂರ ಎಳೆದರೂ ಅವು ಸೇರುವುದಿಲ್ಲ. ಅದು ಗೆರೆಗಳ ತಪ್ಪಲ್ಲ, ಎಳೆದವರ ತಪ್ಪೂ ಅಲ್ಲ, ಅವು ಇರುವುದೇ ಹಾಗೆ. ಯಾರ ಮೇಲೂ ಸಿಟ್ಟಿಲ್ಲದೆ ಅವಳು ಅಣ್ಣನ ಮಗ್ಗದ ಪಕ್ಕದ ಎರಡನೆಯ ಮಗ್ಗಕ್ಕೆ ಮತ್ತೆ ಇಳಿದಳು. ಆಮೇಲೆ ಬಂದ ಎರಡು ಸಂಬಂಧಗಳೂ ಜಾತಕ ಕೂಡಲಿಲ್ಲವೆಂದು ಹೋದವು. ನೇಯ್ದದ್ದೆಲ್ಲ ಬೇರೆಯವರ ಮುಹೂರ್ತದ ಸೀರೆ.

"ಇವಳನ್ನ ನೋಡು ನಿತ್ಯಾ," ಎಂದಳು ಪಕ್ಕದ ಮನೆಯ ಸತ್ಯಾ, ಎದ್ದು ಬಂದ ಚಂದ್ರಾಳ ಭುಜ ಹಿಡಿದು ಅಂಗಡಿಯ ಗೊಂಬೆಯ ಹಾಗೆ ಬೆಳಕಿಗೆ ತಿರುಗಿಸುತ್ತ. "ಇವಳಿಗೂ ಇದೇ ಆಗಿತ್ತು. ಸತ್ತುಹೋದ್ಲಾ? ಅರೆಯೋ ಅಮ್ಮಿಕಲ್ಲಿನ ಹಾಗೆ ನಿಂತಿದಾಳೆ. ಎಷ್ಟು ದಿನಕ್ಕೆ ಮರೆತೆ, ಹೇಳಮ್ಮ."

"ಲೆಕ್ಕ ಇಟ್ಟಿಲ್ಲ ಅಕ್ಕ."

"ಒಂದು ತಿಂಗಳು ಇರಬೇಕು," ಎಂದಳೊಬ್ಬಳು. "ಇಲ್ಲ, ಆಡಿ ತಿಂಗಳವರೆಗೂ ಮುಖ ಬಾಡಿತ್ತು," ಎಂದಳು ಇನ್ನೊಬ್ಬಳು. ಚಿಕನ್‌ಗುನ್ಯಾ ಬಂದರೆ ಕೀಲುನೋವು ಎಷ್ಟು ದಿನ ಇರುತ್ತದೆ ಎಂದು ಮಾತಾಡುವ ಹಾಗೆ ಮಾತು ಬೆಳೆಯಿತು.

ನಿತ್ಯಾಳ ಕಣ್ಣು ಊದಿಕೊಂಡಿತ್ತು. "ಅತ್ತೆ, ನೀವಾದ್ರೂ ಹೇಳಿ."

ಚಂದ್ರಾ ತನಗೆ ಗೊತ್ತಿದ್ದ ಒಂದೇ ಸಮಾಧಾನವನ್ನು ಹೇಳಿದಳು. "ಕೆಲವು ಗೆರೆ ಸೇರಲ್ಲ, ನನ್ನ ಕಣ್ಣು. ಯಾರ ತಪ್ಪೂ ಅಲ್ಲ ಅಂತ ತಿಳ್ಕೊಂಡ್ರೆ ನೋವು ಕಡಿಮೆ."

"ನಿಮಗೆ ಕಡಿಮೆ ಆಯ್ತಾ?"

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಅಣ್ಣ ಕರುಪ್ಪುಸಾಮಿ ಬೆಳಗಿನ ಜಾವವೇ ಎದ್ದು, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, "ಅಂಗಪ್ಪನ್ ತಾತನ್ನೇ ಕರ್ಕೊಂಡು ಬರ್ತೀನಿ. ಅವರು ಹೇಳಿದ್ದೇ ಕೊನೆ," ಎಂದು ಹೋಗಿದ್ದ. ಮಗಳು ಇಂಥ ಮಾತಾಡಿದರೆ ಬೇರೆ ಅಪ್ಪಂದಿರು ಪಾತ್ರೆ ಎಸೆಯುತ್ತಾರೆ. ಇವನು ಬಾಡಿಗೆ ಕಾರು ತರಿಸಿದ್ದ. ಎಷ್ಟು ತಾಳ್ಮೆ ಎಂದುಕೊಂಡಿದ್ದಳು ಚಂದ್ರಾ.

ತಾತನಿಗೆ ತೊಂಬತ್ತು. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದರೂ ಇಳಿದ ಕೂಡಲೇ ತಿನ್ನಲು ಏನಿದೆ ಎಂದು ಕೇಳಿದ. ಹಿಂದಿನ ಬೀದಿಯಿಂದ ವಸಂತಕುಮಾರ್, ಅವನ ಹೆಂಡತಿ, ಕಾರ್ತಿ ಬಂದು ಗೋಡೆ ಪಕ್ಕದ ಕುರ್ಚಿಗಳ ಅಂಚಿನಲ್ಲಿ ಕುಳಿತರು. ವಸಂತನ ಮೀಸೆ ಪೂರ್ತಿ ಬೆಳ್ಳಗಾಗಿತ್ತು.

ತಾತ ಮೊದಲು ಸತ್ಯಾಳನ್ನು ಹಿಡಿದುಕೊಂಡ. "ನೀನು ಯಾರ ಮನೆ ಸೊಸೆ? ಓ. ನಿಮ್ಮ ಮಾವ ನೆಗಮಂನಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದೋನು. ಒಳ್ಳೆ ಕುಲ." ಸತ್ಯಾ ಬಾಗಿಲ ಹಿಂದಕ್ಕೆ ಸರಿದಳು. ಆಮೇಲೆ ಯಾರೂ ಕೇಳದ ಇನ್ನೆರಡು ಮನೆಗಳ ಕತೆ ಮುಗಿಸಿ, ಕಾಫಿ ಹೀರಿ, ಕಾರ್ತಿಯನ್ನು ಮೇಲಿಂದ ಕೆಳಗೆ ನೋಡಿದ.

"ಇವನ ಮುತ್ತಾತ ಆ ಮನೇಲಿ ಹುಟ್ಟಿದೋನಲ್ಲ. ಅಪ್ಪ ಅಮ್ಮ ಇಲ್ಲದ ಕೂಸು. ತಂದು ಸಾಕಿದ್ರು, ಅಷ್ಟೇ. ಕುಲಕ್ಕೆ ಸೇರಿಸ್ಕೊಳ್ಳಲಿಲ್ಲ. ಇವರದ್ದು ಬೇರೆ ಕುಲ. ಧಾರಾಳವಾಗಿ ಕಲ್ಯಾಣ ಮಾಡಿ."

ನಿತ್ಯಾ ಅಮ್ಮನ ಕೈ ಹಿಡಿದುಕೊಂಡಳು. ಬಾಗಿಲ ಹಿಂದಿನಿಂದ ಸತ್ಯಾಳ ಸ್ವರ ಬಂತು. "ಹಾಗಾದ್ರೆ ಚಂದ್ರಾಗೆ ಕೇಳಿದಾಗ ಒಂದೇ ಕುಲ ಅಂದ್ರಲ್ಲ ತಾತ?"

"ನಾನ್ಯಾಕೆ ಅನ್ನಲಿ? ಇವರಪ್ಪನಿಗೆ ಆವತ್ತೇ ಹೇಳಿ ಕಳಿಸಿದೆ, ಬೇರೆ ಕುಲ, ಹೆಣ್ಣು ಕೊಡು ಅಂತ. ಈ ಕರುಪ್ಪುಸಾಮೀನೂ ಪಕ್ಕದಲ್ಲೇ ಕೂತು ಕೇಳಿಸ್ಕೊಂಡ. ನಮ್ಮ ಮನೇಲಿ ಏಳು ಬೋಂಡಾ ತಿಂದ." ತಾತ ನೆನಪು ಮಾಡಿಕೊಂಡು ನಕ್ಕ. "ಅವರಪ್ಪ ಮುಟ್ಟಲೇ ಇಲ್ಲ. ಇವಳು ಹೋದ್ರೆ ಎರಡನೇ ಮಗ್ಗಕ್ಕೆ ಯಾರನ್ನ ಕೂರಿಸಲಿ ಅಂತ ಒಂದೇ ಚಿಂತೆ. ಒಂದು ಆಳು ಇಡಪ್ಪ ಅಂದೆ. ಇಟ್ರಾ?"

ಕರುಪ್ಪುಸಾಮಿ ಫ್ಯಾನಿನ ಸ್ವಿಚ್ಚು ಸರಿಯಾಗಿದೆಯೇ ಎಂದು ನೋಡತೊಡಗಿದ. ಮಲ್ಲಿಗಾ ಎದ್ದು, ಕೇಸರಿಬಾತ್ ಮಾಡುತ್ತೇನೆ ಎಂದಳು. ಅಷ್ಟು ಸಾಕಾಯಿತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ತೈ ತಿಂಗಳೋ ಮಾಸಿಯೋ, ಮಂಟಪ ಯಾವುದು, ಎಷ್ಟು ಜನ. ನಿತ್ಯಾ ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡಳು. ಅವಳಿಗೆ ತಾತನ ಕೊನೆಯ ಮಾತು ಕೇಳಿಸಿದಂತಿರಲಿಲ್ಲ. ಆ ಹೊತ್ತಿನಲ್ಲಿ ಆ ವಯಸ್ಸಿನವರಿಗೆ ಕೇಳಿಸುವುದಿಲ್ಲ.

ವಸಂತಕುಮಾರ್ ಹೊರಡುವಾಗ ಚಂದ್ರಾಳ ಮುಂದೆ ನಿಂತ. ಎಂದಾದರೂ ದಾರಿಯಲ್ಲಿ ಸಿಕ್ಕಾಗ ಚೆನ್ನಾಗಿದೀಯಾ ಎಂದು ಕೇಳುತ್ತಿದ್ದವನು, ಇವತ್ತು ಬಗ್ಗಿ ಚಪ್ಪಲಿ ಹುಡುಕಿದ. ಗಾಬರಿಯಲ್ಲಿ ತಾತನ ಚಪ್ಪಲಿ ಮೆಟ್ಟಿಕೊಂಡು ಹೋದ.

ಚಂದ್ರಾ ಒಳಗೆ ಬಂದು ಕುಳಿತಳು. ಇಪ್ಪತ್ತನಾಲ್ಕು ವರ್ಷ ಯಾರ ತಪ್ಪೂ ಅಲ್ಲ ಎಂಬ ಮಾತಿನ ಮೇಲೆ ಒರಗಿಕೊಂಡಿದ್ದಳು. ಗೋಡೆ ಎಂದುಕೊಂಡದ್ದು ಯಾರೋ ಹಿಡಿದು ನಿಂತಿದ್ದ ಸೀರೆಯ ಪರದೆ. ಈಗ ಸಿಟ್ಟು ಮಾಡಲು ಇಬ್ಬರಿದ್ದರು. ಒಬ್ಬರು ಸತ್ತು ಹನ್ನೊಂದು ವರ್ಷ. ಇನ್ನೊಬ್ಬ ಕೇಸರಿಬಾತ್ ತಟ್ಟೆ ಹಿಡಿದುಕೊಂಡು ಬಂದು ಅವಳ ಮುಂದೆ ನಿಂತಿದ್ದ.

"ಅಪ್ಪ ಏನೋ ಆವಾಗ," ಎಂದ ಕರುಪ್ಪುಸಾಮಿ. "ನಾನೂ ಚಿಕ್ಕೋನು."

"ಮದುವೆಯಾಗಿತ್ತಲ್ಲ ಅಣ್ಣ ನಿನಗೆ."

ಅವನು ತಟ್ಟೆಯನ್ನು ಅವಳ ಪಕ್ಕ ಇಟ್ಟ. "ನಿತ್ಯಾ ಹೋದ್ಮೇಲೆ ಮನೇಲಿ ನಾವು ಮೂರೇ ಜನ. ನೀನಿದ್ದರೆ ನನಗೇನೂ ಭಯ ಇಲ್ಲ. ಈ ಪಾವಿನ ಸೀರೆ ಅವಳಿಗೇ ಇರಲಿ, ಕಲ್ಯಾಣದ ಹೊತ್ತಿಗೆ ಮುಗಿಯುತ್ತೆ. ಮುಂದಿನದಕ್ಕೆ ಯಾವ ಬಣ್ಣ ತರಲಿ? ನಿನಗೆ ಇಷ್ಟವಾದ್ದು ಹೇಳು."

ಇಷ್ಟು ವರ್ಷದಲ್ಲಿ ಅವನು ಅವಳನ್ನು ಬಣ್ಣ ಕೇಳಿದ್ದು ಇದೇ ಮೊದಲು.

"ನಿನಗೆ ಇಷ್ಟವಾದ್ದೇ ತಾ," ಎಂದಳು ಚಂದ್ರಾ.

ತಂಗಿಗೆ ಸಿಟ್ಟಿಲ್ಲ ಎಂದುಕೊಂಡು ಅವನು ಹಗುರಾಗಿ ಹೊರಗೆ ಹೋದ. ಅವನ ನಗು ಮುಂದಿನ ಕೋಣೆಯಿಂದ ಕೇಳಿಸಿತು. ಚಂದ್ರಾ ತಟ್ಟೆಯನ್ನು ದೂರ ಸರಿಸಿದಳು. ನಿತ್ಯಾಳ ಸೀರೆಯನ್ನು ಒಂದು ಎಳೆಯೂ ತಪ್ಪದ ಹಾಗೆ ನೇಯ್ದುಕೊಡುತ್ತಾಳೆ. ಅದರ ನಂತರದ ಪಾವು ಯಾವ ಬಣ್ಣದ್ದಾದರೂ ಇರಲಿ, ಅದಕ್ಕೆ ಅಣ್ಣ ಒಂದು ಆಳು ಹುಡುಕಿಕೊಳ್ಳಬೇಕು.