ನಾಲ್ಕು ಸಾವಿರದ ನಾನೂರ ಹದಿನೇಳನೇ ಕತ್ತಿ

“ಇಳೀರಿ ಕೆಳಗೆ. ಹಿಂದೆ ಏನಿದೆ?”

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಪೊಲೀಸರು ನನ್ನ ಲಗೇಜ್ ಆಟೋ ನಿಲ್ಲಿಸಿದರು. ಹಿಂದೆ ಟಾರ್ಪಾಲಿನ ಕೆಳಗಿದ್ದದ್ದು ಹನ್ನೊಂದು ಕತ್ತಿ, ಮೂರು ಕೊಡಲಿ, ಆಳೆತ್ತರದ ಒಂದು ಕುಡುಗೋಲು. ಪಕ್ಕದಲ್ಲಿ ಕೂತಿದ್ದವರು ನನ್ನ ಸೋದರಮಾವ. ಇಷ್ಟನ್ನೂ ಹೇರಿಕೊಂಡು ನಾವು ಹೊರಟಿದ್ದು ಕಾರ್ಟೂನು ನೋಡುವ ಹುಡುಗರ ಕಾರ್ಯಕ್ರಮಕ್ಕೆ! ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಪೊಲೀಸರಿಗೂ ಬರಲಿಲ್ಲ.

“ಆಟದ ಸಾಮಾನು ಸಾರ್” ಅಂದರು ಮಾವ.

“ಹರಿತ ಇಲ್ಲ ತಾನೇ?”

ಇಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾವನಿಗೆ ಅವಮಾನವಾಯಿತು. “ಹರಿತ ಇಲ್ದಿದ್ರೆ ಅದನ್ನ ಕತ್ತಿ ಅಂತಾರಾ ಸಾರ್? ನೋಡಿ ಇಲ್ಲಿ” ಅಂದವರೇ ಒಂದು ಕತ್ತಿ ಎಳೆದು, ದಾರಿಯಲ್ಲಿ ಕುಡಿಯೋಣ ಅಂತ ಇಟ್ಟುಕೊಂಡಿದ್ದ ಎಳನೀರನ್ನು ಒಂದೇ ಏಟಿಗೆ ಎರಡು ಹೋಳು ಮಾಡಿದರು. ನೀರೆಲ್ಲ ಪೊಲೀಸಪ್ಪನ ಬೂಟಿನ ಮೇಲೆ!

ಅವರು ಕತ್ತಿ ಕಿತ್ತುಕೊಂಡು ತಿರುಗಿಸಿ ನೋಡಿದರು. ಹಿಡಿಯ ಹತ್ತಿರ ಪಂಚ್ ಹೊಡೆದ ನಂಬರು: 4417.

“ಏನಯ್ಯಾ ಇದು, ನಾಲ್ಕು ಸಾವಿರದ ನಾನೂರ ಹದಿನೇಳನೇ ಕತ್ತಿನಾ? ಹಾಗಾದ್ರೆ ಉಳಿದಿದ್ದೆಲ್ಲ ಎಲ್ಲಿ?”

ಸ್ಟೇಷನ್ನಿನಲ್ಲಿ ಮಧ್ಯಾಹ್ನದವರೆಗೆ ಕೂತೆವು. ನಮ್ಮನ್ನು ಬಿಟ್ಟರು, ಕತ್ತಿಗಳನ್ನು ಬಿಡಲಿಲ್ಲ.

ಆ ನಂಬರು ಮಾವನ ಟೋಕನ್ ನಂಬರು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಅವರಿಗೆ ಕೊಟ್ಟಿದ್ದು. ಕಾರ್ಖಾನೆ ಬಿಟ್ಟು ಬಂದು ವರ್ಷಗಳಾದರೂ ಮಾವ ನಂಬರು ಬಿಟ್ಟಿಲ್ಲ. ಗೇಟಿನ ಮೇಲೆ 4417. ಬಚ್ಚಲಲ್ಲಿ ನೀರು ತುಂಬುವ ಕೊಳದಪ್ಪಲೆಯ ಮೇಲೆ 4417. ಅತ್ತೆಯ ದೋಸೆ ಸಟ್ಟುಗದ ಮೇಲೂ 4417! ಕೈಯಿಂದ ಮಾಡಿದ್ದಕ್ಕೆಲ್ಲ ಹೊಡೆಯುತ್ತಾರೆ. “ಪುಣ್ಯಕ್ಕೆ ನಿಮಗೆ ಮಕ್ಕಳಾಗಲಿಲ್ಲ ಮಾವ, ಅವುಗಳ ಬೆನ್ನ ಮೇಲೂ ಹೊಡೀತಿದ್ರಿ” ಅಂತ ನಾನೊಮ್ಮೆ ಅಂದಿದ್ದೆ. ಅತ್ತೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮಾವ ಮಾತ್ರ ನಕ್ಕರು.

ಇಂಥವರಿಗೂ ಜಪಾನಿನ ಕಾರ್ಟೂನಿಗೂ ಏನು ಸಂಬಂಧ? ಕಾರ್ಟೂನು ಅಂದರೆ ಆ ಹುಡುಗರಿಗೆ ಉರಿಯುತ್ತದೆ, ಅನಿಮೆ ಅನ್ನಬೇಕಂತೆ. ಓಲ್ಡ್ ಟೌನಿನಲ್ಲಿ ಮಾವನ ಮನೆಯ ಮಹಡಿಗೆ ಬಾಡಿಗೆಗೆ ಬಂದವರ ಮಗಳು ಅದರ ಹುಚ್ಚಿ. ಆಗ ಪಿಯುಸಿ ಓದುತ್ತಿದ್ದಳು. ಒಂದು ದಿನ ಕೆಳಗಿಳಿದು ಬಂದು, “ಮಾವ, ರಟ್ಟಲ್ಲಿ ಒಂದು ಕತ್ತಿ ಮಾಡ್ಕೊಡ್ತೀರಾ? ಅನಿಮೆಲಿ ಬರೋ ಹುಡುಗಿ ತರ ವೇಷ ಹಾಕ್ಬೇಕು” ಅಂದಳು.

“ರಟ್ಟಾ? ಭದ್ರಾವತಿ ನೀರು ಕುಡಿದು ರಟ್ಟಿನ ಕತ್ತಿ ಹಿಡೀತೀಯಾ? ನಾಚ್ಕೆ ಆಗಲ್ವಾ ಮಾರಾಯ್ತಿ?”

ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ತಂದರು. ಹಿತ್ತಲಿನ ಶೆಡ್ಡಿನಲ್ಲಿ ಕಾಯಿಸಿದರು, ಬಡಿದರು, ಉಜ್ಜಿದರು. ಹತ್ತು ದಿನ ಬೀದಿಯವರಿಗೆ ಮಧ್ಯಾಹ್ನದ ನಿದ್ದೆ ಇಲ್ಲ. ಕತ್ತಿಯೇನೋ ಕನ್ನಡಿ ಹಾಗೆ ಹೊಳೆಯಿತು. ಆದರೆ ಎತ್ತಲಿಕ್ಕೆ ಆ ಹುಡುಗಿಯ ಜೊತೆ ಅವಳ ಅಪ್ಪನೂ ಬೇಕಾಯಿತು!

ಅದನ್ನು ನೋಡೋಕೆ ಅವಳ ಗೆಳೆಯರು ಬಂದರು. ಬಣ್ಣಬಣ್ಣದ ಕೂದಲು, ಮೈತುಂಬ ಬೆಲ್ಟು. ಎಲ್ಲರೂ ತಾರಸಿಯ ಮೇಲೆ ಸೇರಿದರು. ಅತ್ತೆಯನ್ನೂ ಸೇರಿಸಿ ಒಂಬತ್ತು ಜನ. ಅತ್ತೆ ಖಾರ ಮಂಡಕ್ಕಿ ಕಲಸಿಕೊಟ್ಟರು. ಅದೇ ಮೊದಲನೇ ಅನಿಮೆ ಸಮ್ಮೇಳನ. ಶಿವಮೊಗ್ಗದವರು ಈಗ ಏನೇನೋ ಚರಿತ್ರೆ ಹೇಳುತ್ತಾರೆ, ಅದೆಲ್ಲ ಬುರುಡೆ. ಶುರುವಾಗಿದ್ದು ನಮ್ಮ ಮಾವನ ತಾರಸಿಯಲ್ಲಿ, ಹಪ್ಪಳ ಒಣಗಿಸುವ ಚಾಪೆಯ ಪಕ್ಕದಲ್ಲಿ.

ಎರಡನೇ ವರ್ಷ ಮಾವ ಕಲ್ಯಾಣ ಮಂಟಪದ ಊಟದ ಹಾಲ್ ಹಿಡಿದರು. ಕಾರ್ಯಕ್ರಮ ಅಂದಮೇಲೆ ಕಾರ್ಡು ಬೇಡವಾ? ಮಾಡಿಸಿದರು. ಪ್ರೆಸ್ಸಿನವನಿಗೆ ಗೊತ್ತಿದ್ದದ್ದು ಒಂದೇ ತರದ ಕಾರ್ಡು. ಮೇಲೆ ಕುಲದೇವರು, ಮೂಲೆಗೆ ಅರಿಶಿನ, “ಸಕುಟುಂಬ ಸಪರಿವಾರ ಸಮೇತ ಆಗಮಿಸಿ”, ಕೆಳಗೆ ಸುಖಾಗಮನ ಬಯಸುವವರು ಅಂತ ಅತ್ತೆ ಮಾವನ ಹೆಸರು. ಅದನ್ನು ಮಾವ ನೆಂಟರಿಗೆಲ್ಲ ಹಂಚಿದರು!

ನೆಂಟರು ಬಿಡುತ್ತಾರಾ? ರೇಷ್ಮೆ ಸೀರೆ ಉಟ್ಟು, ಸ್ಟೀಲ್ ಡಬ್ಬಿ ಕೈಯಲ್ಲಿ ಹಿಡಿದು ಬಂದರು. ಆಯನೂರಿನ ನಮ್ಮ ಅಜ್ಜಿ ನೀಲಿ ಕೂದಲಿನ ಒಬ್ಬನನ್ನು ಕೂರಿಸಿಕೊಂಡು, “ನೀನೇ ಏನಪ್ಪಾ ಗಂಡು? ಕೂದ್ಲಿಗೆ ಏನಾಯ್ತು?” ಅಂದರು.

“ಇದು ಕ್ಯಾರೆಕ್ಟರ್ ಅಜ್ಜಿ.”

“ಕ್ಯಾರೆಕ್ಟರ್ ಚೆನ್ನಾಗಿದ್ರೆ ಸಾಕು ಬಿಡು, ಕೂದ್ಲು ಬೆಳೀತದೆ” ಅಂತ ಡಬ್ಬಿ ಅವನ ಕೈಗಿಟ್ಟರು. ಅವನು ಅಜ್ಜಿಯ ಕಾಲಿಗೆ ಬಿದ್ದ. ಬಗ್ಗಿದಾಗ ಕೂದಲು ಕಳಚಿ ಅಜ್ಜಿಯ ಮಡಿಲಿಗೇ ಬಿತ್ತು. ಅಜ್ಜಿ ಕಿರುಚಿದ್ದು ಅಡುಗೆಮನೆಗೆ ಕೇಳಿಸಿತು.

ಮೂರನೇ ವರ್ಷದಿಂದ ಸಮ್ಮೇಳನ ಶಿವಮೊಗ್ಗಕ್ಕೆ ಹೋಯಿತು. ಹೋಯಿತು ಅಂದರೆ ಏನು, ಹೊತ್ತುಕೊಂಡು ಹೋದರು. ಅಲ್ಲಿನ ಗೋಪಾಳ ಬಡಾವಣೆಯ ನಾಲ್ಕು ಹುಡುಗರು ಕಮಿಟಿ ಮಾಡಿಕೊಂಡರು. ಕೊರಳಿಗೆ ಪಟ್ಟಿ, ಪಟ್ಟಿಗೆ ಕಾರ್ಡು. ವೇದಿಕೆ, ದೀಪ, ಶಾಲು, ಮುಖ್ಯ ಅತಿಥಿ. ಮುಖ್ಯ ಅತಿಥಿ ಮೊಬೈಲಿನಿಂದ ಯುವಜನ ಹೇಗೆ ಹಾಳಾಗುತ್ತಿದ್ದಾರೆ ಅಂತ ಮುಕ್ಕಾಲು ಗಂಟೆ ಮಾತಾಡಿದರು. ಬಾಲ, ಕೊಂಬು, ರೆಕ್ಕೆ ಕಟ್ಟಿಕೊಂಡ ಹುಡುಗರು ಅಲ್ಲಾಡದೆ ಕೂತು ಕೇಳಿದರು. ಮಾವನ ಹೆಸರನ್ನು ಯಾರೂ ಹೇಳಲಿಲ್ಲ. ಅದರ ಚಿಂತೆ ಅವರಿಗಿರಲಿಲ್ಲ. ಹುಡುಗರು ಬಂದು “ಮಾವ, ಮುಂದಿನ ಸಲ ನನಗೊಂದು ಕೊಡಲಿ ಮಾಡ್ಕೊಡಿ” ಅಂದರೆ ಸಾಕು, ವರ್ಷವಿಡೀ ಶೆಡ್ಡಿನಲ್ಲಿ ಬಡಿಯುತ್ತಿದ್ದರು.

ಹೋದ ವರ್ಷ ಪೊಲೀಸರ ರಗಳೆ ಆಯಿತಲ್ಲ, ಮಾರನೇ ವಾರ ಕಮಿಟಿಯವರು ಮಾವನನ್ನು ಕರೆಸಿದರು. ಅಧ್ಯಕ್ಷ ಅನ್ನಿಸಿಕೊಂಡವನು ಕುರ್ಚಿಯಿಂದ ಏಳದೆ ಹೇಳಿದ:

“ಅಂಕಲ್, ಇನ್ಮೇಲೆ ಮೆಟಲ್ ಬ್ಯಾನ್. ಫೋಮ್ ಮಾತ್ರ.”

“ಫೋಮ್ ಅಂದ್ರೆ ಹಾಸಿಗೆ ಒಳಗೆ ಇರ್ತದಲ್ಲ, ಅದಾ?”

“ಹೂಂ, ಆ ತರದ್ದೇ.”

“ಯುದ್ಧ ಮಾಡ್ತೀರೋ, ಮಲಗ್ತೀರೋ?”

ನಾನು ಜೋರಾಗಿ ನಕ್ಕೆ. ಮಾವ ನಗಲಿಲ್ಲ. ಅವತ್ತೇ ಶೆಡ್ಡಿಗೆ ಬೀಗ ಬಿತ್ತು. ಬೆಳಿಗ್ಗೆ ಎದ್ದು ಜಗಲಿಯಲ್ಲಿ ಕೂತರೆ ಮಧ್ಯಾಹ್ನದ ತನಕ ಅಲ್ಲೇ. ಕಾರ್ಖಾನೆ ಬಿಟ್ಟು ಬಂದ ವರ್ಷವೂ ಹೀಗೇ ಕೂತಿದ್ದರು, ಕೈ ಎಲ್ಲಿಡಬೇಕು ಅಂತ ಗೊತ್ತಾಗದವರ ಹಾಗೆ. “ಒಳ್ಳೇದಾಯ್ತು ಬಿಡಿ, ಬೀದಿಯವರು ನಿದ್ದೆ ಮಾಡ್ಲಿ” ಅಂದೆ ನಾನು. ನನ್ನ ಬಾಯಿ ಅಂಥದ್ದು.

ಈ ವರ್ಷ ಸಮ್ಮೇಳನದ ದಿನ ಅತ್ತೆ ಫೋನ್ ಮಾಡಿ ಬರಹೇಳಿದರು. ಹೋದರೆ ಶೆಡ್ಡು ತೆರೆದಿತ್ತು. ಮಾವ ಹಳೇ ಪಂಚೆಯಲ್ಲಿ ಸುತ್ತಿದ ಏನನ್ನೋ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಬಿಚ್ಚಿ ತೋರಿಸಿದರು. ಕತ್ತಿ. ಉಕ್ಕಿನದೇ ಅಂದುಕೊಂಡು ಎತ್ತಿದರೆ ಕೈ ತಲೆಯ ಮೇಲೆ ಹೋಯಿತು, ಗಾಳಿಯಷ್ಟೂ ಭಾರವಿಲ್ಲ! ಫೋಮ್. ಮೇಲೆ ಬೆಳ್ಳಿ ಬಣ್ಣ. ಕಾಲ ಬುಡದಲ್ಲಿ ಇನ್ನೂ ಆರು ಕತ್ತಿ ಬಿದ್ದಿದ್ದವು. ಎಲ್ಲದರ ಹಿಡಿಯ ಹತ್ತಿರವೂ ತೂತು.

“ನಂಬರ್ ಹೊಡೆಯೋಕೆ ಹೋದೆ ಕಣೋ. ಕೂರಲ್ಲ. ಪಂಚ್ ಸೀದಾ ಆಚೆ ಹೋಗ್ತದೆ” ಅಂದರು. ಸುತ್ತಿಗೆ ಮೂಲೆಯಲ್ಲಿತ್ತು. ಮಡಿಲಲ್ಲಿದ್ದ ಏಳನೆಯದಕ್ಕೆ ಹೊಡೆದಿರಲಿಲ್ಲ.

ಶಿವಮೊಗ್ಗದ ಹಾಲಿನಲ್ಲಿ ಮಾವ ಆ ಕತ್ತಿ ಹಿಡಿದುಕೊಂಡು ಕೊನೆಯ ಸಾಲಿನಲ್ಲಿ ಕೂತರು. ಮಹಡಿ ಮನೆಯ ಆ ಹುಡುಗಿ ಈಗ ಬ್ಯಾಂಕಿನ ಪರೀಕ್ಷೆಗೆ ಓದುತ್ತಾಳೆ, ಆದರೂ ವೇಷ ಬಿಟ್ಟಿಲ್ಲ. ಬಂದು ಕತ್ತಿ ತೆಗೆದುಕೊಂಡಳು. ಒಂದೇ ಕೈಯಲ್ಲಿ ತಿರುಗಿಸಿದಳು. ಮಾವ ಅದನ್ನೇ ನೋಡುತ್ತಿದ್ದರು. ಆಮೇಲೆ ಅವಳು ಹಿಡಿಯ ಹತ್ತಿರ ನೋಡಿದಳು.

“ಮಾವ, ನಂಬರ್ ಎಲ್ಲಿ?”

“ಇದ್ರ ಮೇಲೆ ಕೂರಲ್ಲ ಕಣಮ್ಮ. ಬಿಡು, ಇಲ್ದಿದ್ರೂ ನಡೀತದೆ.”

“ನಡೆಯಲ್ಲ. ನಂಬರ್ ಇಲ್ಲ ಅಂದ್ರೆ ಇದು ಯಾರು ಮಾಡಿದ್ದೋ ಏನೋ. ಬರೀರಿ” ಅಂತ ಮಾರ್ಕರ್ ಪೆನ್ನು ಅವರ ಕೈಗೆ ಕೊಟ್ಟಳು.

ಮಾವ ಬರೆದರು. ನಾಲ್ಕು, ನಾಲ್ಕು, ಒಂದು, ಏಳು. ಪಕ್ಕದಲ್ಲಿದ್ದ ಒಬ್ಬ ತನ್ನ ಕತ್ತಿಯನ್ನೂ ಚಾಚಿದ. ಅದು ಮಾವ ಮಾಡಿದ್ದಲ್ಲ, ಆನ್‌ಲೈನಿನಲ್ಲಿ ತರಿಸಿದ್ದು. ಅದನ್ನು ಮಾವ ಹೇಳಿದರು ಕೂಡ. “ಇರಲಿ, ಬರೀರಿ ಮಾವ” ಅಂದ. ಅವನ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಇನ್ನೂ ಐದಾರು ಜನ. ಕೊರಳಲ್ಲಿ ಪಟ್ಟಿ ಹಾಕಿಕೊಂಡಿದ್ದ ಆ ಅಧ್ಯಕ್ಷನೂ ಸಾಲಿನಲ್ಲಿ ನಿಂತಿದ್ದ, ಪ್ಲಾಸ್ಟಿಕ್ ಕೊಡಲಿ ಹಿಡಿದುಕೊಂಡು.

ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಕನ್ನಡಕ ಒರೆಸಿದರು, ಆದರೂ ಕಾಣಲಿಲ್ಲ. “ಸ್ವಲ್ಪ ಹಿಡ್ಕೊಳೋ” ಅಂದರು. ನಾನು ಒಂದೊಂದೇ ಕತ್ತಿಯನ್ನು ಅಲ್ಲಾಡದ ಹಾಗೆ ಹಿಡಿದುಕೊಂಡೆ.

ಇಷ್ಟೇ. ಇದಕ್ಕಿಂತ ಹೆಚ್ಚಿಗೆ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.